1660ರ ದಶಕದ ವರ್ಜೀನಿಯದಲ್ಲಿ ಜಮೀನು ಹೊಂದಿದ್ದ ವಿಧವೆಯೊಬ್ಬರ ಮನೆತನವನ್ನು ಪತ್ತೆ ಮಾಡುವುದು ಹೇಗೆ?

ನಿಮ್ಮ ಪತ್ನಿಯ ಪೂರ್ವಜೆಯೊಬ್ಬರ ಹೆಸರಿನಲ್ಲಿ 300 ಎಕರೆಯ ಪಟ್ಟಾ ಸಿಕ್ಕಿದೆ, ಗಂಡನ ಹೆಸರು ತಿಳಿಯದು, ಯಾವ ಜಾಲತಾಣದ ವಂಶವೃಕ್ಷವನ್ನು ನಂಬಬೇಕು ಎಂದು ಕೇಳಿದ್ದೀರಿ. ಯಾವುದನ್ನೂ ನಂಬಬೇಡಿ. ಅಂಥ ಜಾಲತಾಣಗಳಲ್ಲಿ ಇಂದಿಗೂ ಉಳಿದಿರುವ ಒಂದು ತಪ್ಪು ನನ್ನ ಕೈಯಿಂದಲೇ ಆದದ್ದು.

ನನ್ನ ಪತಿಯ ತಾಯಿಯ ಮನೆತನ ವರ್ಜೀನಿಯದ ಪೂರ್ವ ತೀರದ ನಾರ್ಥಾಂಪ್ಟನ್ ಕೌಂಟಿಯದು. ಬೆಂಕಿಗೂ ಯುದ್ಧಕ್ಕೂ ಕಡತಗಳನ್ನು ಕಳೆದುಕೊಂಡ ಕೌಂಟಿಗಳು ಹಲವಿದ್ದರೂ ಅಲ್ಲಿನ ನ್ಯಾಯಾಲಯದ ಪುಸ್ತಕಗಳು 1632ರಿಂದ ಸತತವಾಗಿ ಉಳಿದುಬಂದಿವೆ. ಅತ್ತೆಯವರ ಎಂಬತ್ತನೆಯ ಹುಟ್ಟುಹಬ್ಬಕ್ಕೆ ವಂಶವೃಕ್ಷವನ್ನು ಕೊಡಬೇಕೆಂದು ಹುಡುಕುತ್ತಿದ್ದಾಗ, 1661ರ ಫೆಬ್ರವರಿ 10ರಂದು ಒಬ್ಬಾತ ಬರೆಸಿದ ಉಯಿಲು ನನಗೆ ಸಿಕ್ಕಿತು. 1661ರ ಏಪ್ರಿಲ್‌ನ ಇನ್ನೊಂದು ದಸ್ತಾವೇಜಿನಲ್ಲಿ ಆತನ ಹೆಂಡತಿಯ ಹೆಸರಿನವಳೇ ಬೇರೊಬ್ಬನ ಹೆಂಡತಿಯಾಗಿ ಕಾಣಿಸಿಕೊಂಡಿದ್ದಳು. ಸಾವುನೋವು ಹೆಚ್ಚಿದ್ದ ಆ ವಸಾಹತಿನಲ್ಲಿ ವಿಧವೆಯರು ಬೇಗನೆ ಮರುಮದುವೆಯಾಗುತ್ತಿದ್ದರು ಎಂದು ಓದಿದ್ದರಿಂದ ನನಗೆ ಸಂಶಯವೇ ಬರಲಿಲ್ಲ. ಎರಡನೆಯ ಗಂಡನ ಹೆಸರು ಸೇರಿಸಿ ಅಚ್ಚು ಹಾಕಿಸಿದೆ, ನೆಂಟರು ಅದನ್ನು ತಂತಮ್ಮ ಪುಟಗಳಿಗೆ ಏರಿಸಿದರು, ನಾನು ಎರಡು ವರ್ಷ ಆ ಹೆಸರಿನ ಹಿಂದೆಯೇ ಅಲೆದೆ.

ತಪ್ಪಿದ್ದದ್ದು ದಿನಾಂಕದಲ್ಲಿ. ಆಗಿನ ಇಂಗ್ಲಿಷ್ ಕಾನೂನಿನ ಪ್ರಕಾರ ಹೊಸ ವರ್ಷ ಮಾರ್ಚ್ 25ರಂದು ಆರಂಭವಾಗುತ್ತಿತ್ತು. ಅದು ಜನವರಿ 1ಕ್ಕೆ ಬದಲಾದದ್ದು 1752ರಲ್ಲಿ. ಆದ್ದರಿಂದ ಆ ಪುಸ್ತಕದ 1661ರ ಫೆಬ್ರವರಿ ಅದೇ 1661ರ ಏಪ್ರಿಲ್ ಆಗಿ ಸುಮಾರು ಹತ್ತು ತಿಂಗಳಿಗೆ ಬರುತ್ತದೆ, ನಮ್ಮ ಲೆಕ್ಕದಲ್ಲಿ ಅದು 1662. ಯುಗಾದಿಯನ್ನು ಆಚರಿಸುವವರಿಗೆ ಇದು ಹೊಸದಲ್ಲ: ಒಂದು ಸಂವತ್ಸರದ ಮಾಘ ಆ ಸಂವತ್ಸರದ ಚೈತ್ರಕ್ಕಿಂತ ಮೊದಲು ಬರಲಾರದು. ಅಂದರೆ ಏಪ್ರಿಲ್‌ನಲ್ಲಿ ಆ ಗಂಡ ಬದುಕಿದ್ದ, ದಸ್ತಾವೇಜಿನ ಹೆಂಗಸು ಬೇರೆಯೇ ಒಬ್ಬಳು. ಜನವರಿ 1ರಿಂದ ಮಾರ್ಚ್ 24ರ ನಡುವಿನ ಪ್ರತಿ ದಿನಾಂಕವನ್ನೂ 1661/62 ಎಂದು ಎರಡು ವರ್ಷ ಹಾಕಿಯೇ ಬರೆದುಕೊಳ್ಳಿ.

ಹೆಸರನ್ನು ಹಿಂಬಾಲಿಸುವುದನ್ನು ಬಿಟ್ಟು ಜಮೀನನ್ನು ಹಿಂಬಾಲಿಸಿ ಎಂಬುದು ನನ್ನ ಖಚಿತ ಅಭಿಪ್ರಾಯ. ವಸಾಹತಿಗೆ ಬರುವವರ ಪ್ರಯಾಣದ ಖರ್ಚು ಕೊಟ್ಟವರಿಗೆ ತಲೆಗೆ 50 ಎಕರೆ ಪಡೆಯುವ ಹಕ್ಕು ಸಿಗುತ್ತಿತ್ತು, ಆ ಲೆಕ್ಕದಲ್ಲಿ 300 ಎಕರೆಯ ಪಟ್ಟಾದಲ್ಲಿ ಸಾಮಾನ್ಯವಾಗಿ ಹಾಗೆ ಬಂದ ಆರು ಜನರ ಹೆಸರುಗಳಿರುತ್ತವೆ. ಆದರೆ ಆ ಹಕ್ಕುಗಳನ್ನು ಮಾರುತ್ತಿದ್ದರು, ಕೊಳ್ಳುತ್ತಿದ್ದರು, ಹಾಗಾಗಿ ಆರು ಮಂದಿಯನ್ನು ಆಕೆಯ ಬಂಧುಗಳೆಂದಾಗಲಿ, ಪಟ್ಟಾದ ವರ್ಷವನ್ನು ಆಕೆ ಹಡಗಿನಿಂದ ಇಳಿದ ವರ್ಷವೆಂದಾಗಲಿ ಬರೆಯಬೇಡಿ. ಪಟ್ಟಾದ ಚೆಕ್ಕುಬಂದಿಯನ್ನು, ಅಂದರೆ ತೊರೆ, ಗುರುತು ಕೆತ್ತಿದ ಮರ, ಅಕ್ಕಪಕ್ಕದ ಹಿಡುವಳಿದಾರರು ಎಲ್ಲವನ್ನೂ ಬರೆದಿಟ್ಟುಕೊಂಡು, ಮುಂದೆ ಅದೇ ನೆಲವನ್ನು ಯಾರು ಮಾರಿದರೆಂದು ನೋಡಿ. ಗಂಡನ ಜಮೀನಿನಲ್ಲಿ ವಿಧವೆಗೆ ಮೂರನೆಯ ಒಂದು ಪಾಲಿನ ಅನುಭೋಗ ಜೀವಮಾನದವರೆಗೆ ಇದ್ದುದರಿಂದ, ಮಕ್ಕಳು ಆ ಪಾಲಿನ ಹೊರೆಯಿಲ್ಲದೆ ಮಾರಬೇಕಾದರೆ ಆಕೆಯ ಒಪ್ಪಿಗೆ ಬೇಕಾಗುತ್ತಿತ್ತು.

ನನಗೆ ಉತ್ತರ ಸಿಕ್ಕಿದ್ದು ಅಂಥದೇ ಕ್ರಯಪತ್ರದಲ್ಲಿ. ಮಗ ಮಾರುತ್ತಿದ್ದ ನೆಲದ ಚೆಕ್ಕುಬಂದಿ ಉಯಿಲಿನದೇ ಆಗಿತ್ತು. ಕೆಳಗೆ ತಾಯಿ ತನ್ನ ಪಾಲನ್ನು ಬಿಟ್ಟುಕೊಟ್ಟಿದ್ದಳು. ಸಹಿಯ ಜಾಗದಲ್ಲಿ ಆಕೆ ಹಾಕಿದ್ದ ಅರ್ಧಚಂದ್ರದಂಥ ಗುರುತನ್ನು ಗುಮಾಸ್ತ ಹಾಗೆಯೇ ನಕಲಿಸಿ, ಅದರ ಎರಡೂ ಬದಿಗೆ ಆಕೆಯ ಹೆಸರನ್ನು ಬರೆದಿದ್ದ. ಅದು ಉಯಿಲು ಬರೆಸಿದ ಗಂಡನ ಮನೆತನದ ಹೆಸರೇ.