ನಾಲ್ವರಲ್ಲಿ ಒಬ್ಬರಿಗೆ ಖಿನ್ನತೆ: ಆ ಅಂಕಿಯನ್ನು ಓದುವ ಬಗೆ

ಚೀನಾದಲ್ಲಿ ನಾಲ್ವರು ವಿದ್ಯಾರ್ಥಿಗಳಲ್ಲಿ ಒಬ್ಬರಿಗೆ ಖಿನ್ನತೆ ಎಂಬುದು ನಿಜವೇ ಎಂದು ಕೇಳಿದ್ದೀರಿ. ಅಂಕಿ ಸುಳ್ಳಲ್ಲ, ಆದರೆ ಅದು ರೋಗನಿರ್ಣಯವಲ್ಲ. ಚೀನಾ ವಿಜ್ಞಾನ ಅಕಾಡೆಮಿಯ ಮನೋವಿಜ್ಞಾನ ಸಂಸ್ಥೆಯ 2020ರ ಸಮೀಕ್ಷೆಯಲ್ಲಿ ಶೇ 24.6ರಷ್ಟು ಮಕ್ಕಳಲ್ಲಿ ಖಿನ್ನತೆಯ ಲಕ್ಷಣಗಳು ಕಂಡವು. ತೀವ್ರವಾದದ್ದು ಶೇ 7.4. ಹಿರಿಯ ಪ್ರೌಢಶಾಲೆಯಲ್ಲಂತೂ ಪ್ರಮಾಣ ಶೇ 40ರ ಹತ್ತಿರ.

ಇಂಥ ಸಮೀಕ್ಷೆಗಳು ನಡೆಯುವುದು ಪ್ರಶ್ನಾವಳಿಯಿಂದ. ಕಳೆದ ವಾರ ನಿದ್ದೆ ಕೆಟ್ಟಿತೇ, ಓದಿನಲ್ಲಿ ಮನಸ್ಸು ನಿಂತಿತೇ ಎಂಬ ಸಾಲುಗಳಿಗೆ ಮಗು ಗುರುತು ಹಾಕುತ್ತದೆ, ಅಂಕ ಕೂಡಿಸುತ್ತಾರೆ. ವೈದ್ಯಕೀಯ ಮಾನದಂಡದಿಂದ ಪರೀಕ್ಷಿಸಿದ, 6ರಿಂದ 16 ವರ್ಷದವರ ರಾಷ್ಟ್ರೀಯ ಅಧ್ಯಯನದಲ್ಲಿ ಖಿನ್ನತೆಯ ಕಾಯಿಲೆ ಖಚಿತವಾದದ್ದು ಸುಮಾರು ಶೇ 3 ಮಕ್ಕಳಲ್ಲಿ. ಅದರಲ್ಲಿ ಚಿಕ್ಕ ಮಕ್ಕಳೂ ಇದ್ದರು ಎಂಬುದನ್ನು ಮರೆಯಬೇಡಿ.

ಹಾಗೆಂದು ಉಳಿದವರ ಸಂಕಟವನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಹದಿನೈದರ ಆಸುಪಾಸಿನಲ್ಲೇ ಝೋಂಗ್‌ಕಾವೊ, ಅಂದರೆ ಹಿರಿಯ ಪ್ರೌಢಶಾಲೆಗೆ ಸೇರಲು ಬರೆಯುವ ಪರೀಕ್ಷೆ. ಅದರಲ್ಲಿ ಹಿಂದೆ ಬಿದ್ದವರು ವೃತ್ತಿಪರ ಶಾಲೆಯ ದಾರಿ ಹಿಡಿಯಬೇಕು. ಮುಂದೆ ಗಾವೊಕಾವೊ, ಅಂದರೆ ಕಾಲೇಜು ಪ್ರವೇಶ ಪರೀಕ್ಷೆ. ವಸತಿ ಶಾಲೆಗಳಲ್ಲಿ ಊಟ ಮುಗಿಸಿ ಮತ್ತೆ ಅದೇ ಬೆಂಚಿನಲ್ಲಿ ರಾತ್ರಿ ಹತ್ತರವರೆಗೂ ಓದುವುದುಂಟು. ನಿದ್ದೆಯನ್ನೇ ಕಸಿದುಕೊಂಡರೆ ಮಗುವಿನ ಮನಸ್ಸು ಎಷ್ಟು ತಾಳೀತು? 2020ರಲ್ಲಿ ಅಲ್ಲಿನ ಆರೋಗ್ಯ ಆಯೋಗವೇ ಹಿರಿಯ ಪ್ರೌಢಶಾಲೆಗಳ ಆರೋಗ್ಯ ತಪಾಸಣೆಯಲ್ಲಿ ಖಿನ್ನತೆಯ ಪರಿಶೀಲನೆಯನ್ನೂ ಸೇರಿಸಲು ಹೇಳಿತು.