ಫಂಗಸ್ ಜಠರವನ್ನೇ ತೂತು ಮಾಡಬಲ್ಲದಾ?

ಅಪ್ಪನ ಜಠರದಲ್ಲಿ ತೂತು ಬಿದ್ದು ಆಪರೇಷನ್ ಆಗಿದೆ, ಬಯಾಪ್ಸಿಯಲ್ಲಿ ಫಂಗಸ್ ಇದೆ ಅಂತ ಬಂದಿದೆ, ಫಂಗಸ್‌ನಿಂದ ಹೀಗಾಗುತ್ತಾ ಅಂತ ಕೇಳಿದ್ದೀರಿ. ಆಗುತ್ತದೆ, ಆದರೆ ತೀರಾ ಅಪರೂಪ. ಇಂಥ ಬಯಾಪ್ಸಿಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ರಿಪೋರ್ಟ್ ಬರೆಯುವುದು ನನ್ನ ಕೆಲಸ. ರಿಪೋರ್ಟಿನಲ್ಲಿ ಮೊದಲು ಒಂದು ವಿಷಯ ಹುಡುಕಿ: ಫಂಗಸ್ ಕಂಡದ್ದು ಹುಣ್ಣಿನ ಮೇಲೋ, ಜಠರದ ಗೋಡೆಯ ಒಳಗೋ?

ಜಠರ ತೂತಾಗುವುದು ಸಾಮಾನ್ಯವಾಗಿ ಅಲ್ಸರ್‌ನಿಂದ. ಎಚ್. ಪೈಲೊರಿ ಬ್ಯಾಕ್ಟೀರಿಯಾ ಅಥವಾ ನೋವಿನ ಮಾತ್ರೆ ಅದಕ್ಕೆ ಕಾರಣವಾಗಿರುತ್ತದೆ. ಹಾಗೆ ಆದ ಹುಣ್ಣಿನ ಮೇಲೆ ಕ್ಯಾಂಡಿಡಾ ಫಂಗಸ್ ಬೆಳೆಯುವುದು ಹೊಸದೇನಲ್ಲ. ಅದು ಎಷ್ಟೋ ಜನರ ಬಾಯಿ, ಕರುಳಿನಲ್ಲಿ ಮೊದಲೇ ಇರುತ್ತದೆ. ಆಸಿಡ್ ಕಡಿಮೆ ಮಾಡುವ ಮಾತ್ರೆ ತಗೊಳ್ಳುವವರಲ್ಲಿ ಇನ್ನೂ ಸುಲಭವಾಗಿ ಬೆಳೆಯುತ್ತದೆ. ಹುಣ್ಣಿನ ಮೇಲಿನ ಸತ್ತ ಪದರದಲ್ಲಿ ಮಾತ್ರ ಅದು ಕಂಡರೆ, ತೂತಿಗೆ ಅದೇ ಕಾರಣ ಅಂತ ನಾನು ಬರೆಯುವುದಿಲ್ಲ.

ನಿಜಕ್ಕೂ ಹೆದರಬೇಕಾದದ್ದು ಮ್ಯೂಕರ್‌ಗೆ. ಬ್ಲ್ಯಾಕ್ ಫಂಗಸ್ ಅಂತ ಕೇಳಿರುತ್ತೀರಲ್ಲ, ಅದೇ. ಹೆಚ್ಚಾಗಿ ಮೂಗು, ಕಣ್ಣಿನ ಕಡೆ ಬರುತ್ತದೆ, ಆದರೆ ಜಠರವನ್ನೂ ಹಿಡಿಯಬಲ್ಲದು. ಇದು ರಕ್ತನಾಳದ ಒಳಗೇ ನುಗ್ಗುತ್ತದೆ. ರಕ್ತ ಹೆಪ್ಪುಗಟ್ಟಿ ಆ ಭಾಗಕ್ಕೆ ರಕ್ತ ಹೋಗುವುದು ನಿಲ್ಲುತ್ತದೆ, ಗೋಡೆ ಕಪ್ಪಾಗಿ ಸಾಯುತ್ತದೆ, ಆಮೇಲೆ ತೂತು ಬೀಳುತ್ತದೆ. ಮೈಕ್ರೋಸ್ಕೋಪಿನಲ್ಲಿ ಫಂಗಸ್‌ನ ಅಗಲವಾದ ಎಳೆಗಳು ಕಾಣುತ್ತವೆ, ಎಳೆಯೊಳಗೆ ಅಡ್ಡಗೋಡೆ ಇಲ್ಲವೆನ್ನುವಷ್ಟು ಕಡಿಮೆ. ಕವಲುಗಳು ಸುಮಾರು 90 ಡಿಗ್ರಿಯಲ್ಲಿ ಒಡೆದಿರುತ್ತವೆ. ಆಸ್ಪರ್‌ಜಿಲಸ್ ಎಂಬ ಇನ್ನೊಂದು ಫಂಗಸ್ ಕೂಡ ರಕ್ತನಾಳಕ್ಕೆ ನುಗ್ಗುತ್ತದೆ, ಆದರೆ ಅದರ ಎಳೆ ಸಣ್ಣ, ಕವಲು ಸುಮಾರು 45 ಡಿಗ್ರಿ. ಪಿಎಎಸ್, ಜಿಎಂಎಸ್ ಎಂಬ ಬಣ್ಣ ಹಾಕಿ ನೋಡಿದರೆ ಎಳೆಗಳು ಸ್ಪಷ್ಟವಾಗುತ್ತವೆ. ಅದನ್ನು ಮಾಡಿದ್ದಾರಾ ಅಂತ ಕೇಳಿ. ಕಲ್ಚರ್‌ನಲ್ಲಿ, ಅಂದರೆ ಲ್ಯಾಬಿನಲ್ಲಿ ಫಂಗಸ್ ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಏನೂ ಬೆಳೆದಿಲ್ಲ ಅಂದರೂ ಸುಮ್ಮನಾಗಬೇಡಿ. ಸ್ಲೈಡಿನಲ್ಲಿ ಎದ್ದು ಕಾಣುವ ಮ್ಯೂಕರ್ ಎಷ್ಟೋ ಸಲ ಕಲ್ಚರ್‌ನಲ್ಲಿ ಬೆಳೆಯುವುದೇ ಇಲ್ಲ.

ಶುಗರ್ ಹತೋಟಿ ತಪ್ಪಿದವರು, ಸ್ಟೀರಾಯ್ಡ್ ತಗೊಳ್ಳುವವರು, ಅಂಗ ಕಸಿ ಅಥವಾ ಕೀಮೋ ಆದವರು, ಐಸಿಯುನಲ್ಲಿ ಬಹಳ ದಿನ ಇದ್ದವರಿಗೆ ಅಪಾಯ ಜಾಸ್ತಿ.

ಯಾವ ಫಂಗಸ್ ಅಂತ ಗೊತ್ತಾಗಲೇಬೇಕು, ಯಾಕಂದ್ರೆ ಔಷಧಿ ಬೇರೆ ಬೇರೆ. ಮ್ಯೂಕರ್ ಆದರೆ ಲೈಪೋಸೋಮಲ್ ಆಂಫೋಟೆರಿಸಿನ್-ಬಿ ಬೇಕು. ಫ್ಲುಕೋನಜೋಲ್, ವೊರಿಕೋನಜೋಲ್ ಎಂಬ ಬೇರೆ ಫಂಗಸ್ ಔಷಧಿಗಳು ಅದಕ್ಕೆ ನಾಟುವುದಿಲ್ಲ. ತೂತಿಗೆ ಹೊಲಿಗೆ ಹಾಕಿದರೆ ಸಾಲದು, ಸತ್ತ ಭಾಗವನ್ನೂ ತೆಗೆಯಬೇಕಾಗುತ್ತದೆ. ಆಂಫೋಟೆರಿಸಿನ್ ಕೊಡುವಾಗ ಕಿಡ್ನಿ, ಪೊಟ್ಯಾಸಿಯಂ ಮೇಲೆ ಕಣ್ಣಿಟ್ಟಿರಬೇಕು. ಕ್ಯಾಂಡಿಡಾ ಕಂಡವರಿಗೆಲ್ಲ ಔಷಧಿ ಬೇಕಾಗುವುದಿಲ್ಲ. ಸ್ಥಿತಿ ಗಂಭೀರವಾಗಿದ್ದರೆ, ರೋಗನಿರೋಧಕ ಶಕ್ತಿ ಕುಗ್ಗಿದ್ದರೆ ಕೊಡುತ್ತಾರೆ.

ರಿಪೋರ್ಟಿನಲ್ಲಿ ಬರೀ 'ಫಂಗಸ್' ಅಂತಷ್ಟೇ ಇದ್ದರೆ ಕಾಯಬೇಡಿ. ಇವತ್ತೇ ಸರ್ಜನ್ ಹತ್ತಿರ ಮಾತಾಡಿ. ಗೋಡೆಯ ಒಳಗೆ, ರಕ್ತನಾಳದಲ್ಲಿ ಎಳೆಗಳಿವೆಯೇ ಅಂತ ಪೆಥಾಲಜಿಸ್ಟ್ ಇನ್ನೊಮ್ಮೆ ನೋಡಿ ಬರೆದುಕೊಡಲಿ. ಅಪ್ಪನಿಗೆ ಶುಗರ್ ಇದ್ದರೆ, ಸ್ಟೀರಾಯ್ಡ್ ಕೊಟ್ಟಿದ್ದರೆ, ಅದನ್ನೂ ಅವರಿಗೆ ತಿಳಿಸಿ.