ವೃದ್ಧಾಶ್ರಮದ ಆಯಾಗಳಿಗೆ ಸೊಂಟದ ಬೆಲ್ಟ್ ಕೊಡಿಸಿದರೆ ಸಾಕಾ?

ಬೆಲ್ಟ್ ಕೊಳ್ಳಬೇಡಿ. ಹೊಣೆ ಆಯಾಗಳದ್ದೇ ಅನ್ನುವ ಕಾಗದಕ್ಕೂ ಸಹಿ ಹಾಕಿಸಬೇಡಿ.

ಮಂಡ್ಯದ ಹತ್ತಿರ 22 ಹಿರಿಯರಿರುವ ಆಶ್ರಮ, ಐದು ಜನ ಆಯಾಗಳು. ಅಜ್ಜಿಯೊಬ್ಬರನ್ನು ಎತ್ತುವಾಗ ಒಬ್ಬ ಆಯಮ್ಮನಿಗೆ ಸೊಂಟ ಹಿಡಿದಿದೆ. ಎಲ್ಲರಿಗೂ ಬೆಲ್ಟ್ ಕೊಡಿಸಿ, ‘ನನ್ನ ಸುರಕ್ಷತೆಗೆ ನಾನೇ ಹೊಣೆ’ ಅಂತ ಬರೆಸಿಕೊಂಡರೆ ನಮ್ಮ ಜವಾಬ್ದಾರಿ ಮುಗಿಯುತ್ತದಾ ಅಂತ ಕೇಳಿದ್ದೀರಿ. ಮೈಸೂರಿನಲ್ಲಿ ನಾನು ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದ ಆಶ್ರಮದಲ್ಲೂ ಟ್ರಸ್ಟಿನವರು ಕೇಳುತ್ತಿದ್ದದ್ದು ಇದನ್ನೇ. ಅಲ್ಲಿ ಒಬ್ಬ ಆಯಮ್ಮ ಕೆಲಸ ಬಿಡಬೇಕಾಗಿ ಬಂದದ್ದಕ್ಕೂ, ಒಬ್ಬ ತಾತನ ಭುಜದ ಕೀಲು ತಪ್ಪಿದ್ದಕ್ಕೂ ಕಾರಣ ಒಂದೇ: ಕಂಕುಳಿಗೆ ಕೈ ಹಾಕಿ ಎತ್ತುವುದು. ಬಹಳ ಕಡೆ ಇದನ್ನು ತಪ್ಪು ಅಂತಲೇ ಯಾರೂ ಎಣಿಸಿಲ್ಲ. ಹಾಗಾಗಿ ಇದನ್ನೇ ಮೊದಲು ಬಿಡಿಸಿ ಹೇಳುತ್ತೇನೆ.

ಆ ಕಡೆ ಒಬ್ಬರು, ಈ ಕಡೆ ಒಬ್ಬರು ನಿಂತು ಕಂಕುಳಿಗೆ ಕೈ ಕೊಟ್ಟು ‘ಒಂದು, ಎರಡು, ಮೂರು’ ಅಂತ ಎಬ್ಬಿಸುತ್ತಾರಲ್ಲ, ಆಗ ಏನಾಗುತ್ತದೆ ನೋಡಿ. ಅಜ್ಜಿ 60 ಕಿಲೋ ಇದ್ದರೆ ಒಬ್ಬೊಬ್ಬರ ಪಾಲಿಗೆ 30 ಕಿಲೋ. ಮೈಭಾರವನ್ನು ಕೈಯಿಂದ ಎತ್ತುವುದಕ್ಕೆ ಅಮೆರಿಕದ ನಿಯಾಶ್ ಎಂಬ ಸಂಶೋಧನಾ ಸಂಸ್ಥೆ ಹಾಕಿಕೊಟ್ಟ ಮಿತಿ ಸುಮಾರು 16 ಕಿಲೋ, ಅದೂ ಎತ್ತಿಸಿಕೊಳ್ಳುವವರು ಹೇಳಿದ ಮಾತು ಕೇಳಿ ಅಲುಗಾಡದೆ ಇದ್ದಾಗ. ಇಲ್ಲಿ ಭಾರ ಮೈಗೆ ಹತ್ತಿರವಿಲ್ಲ, ಒಂದು ಮೊಳ ದೂರದಲ್ಲಿದೆ. ಆಯಾ ಮುಂದಕ್ಕೆ ಬಗ್ಗಿದ್ದಾರೆ, ಜೊತೆಗೆ ಸೊಂಟವೂ ಒಂದು ಕಡೆಗೆ ತಿರುಚಿಕೊಂಡಿದೆ. ಬಗ್ಗುವುದು, ತಿರುಚುವುದು, ಎತ್ತುವುದು ಮೂರೂ ಒಟ್ಟಿಗೆ ಆದಾಗಲೇ ಡಿಸ್ಕಿಗೆ ಹೆಚ್ಚು ಪೆಟ್ಟು. ಆ ಹೊತ್ತಿಗೆ ಅಜ್ಜಿಯ ಮಂಡಿ ಕುಸಿಯಿತು ಅನ್ನಿ, ಪೂರ್ತಿ ತೂಕ ಆಯಾಳ ಮುಂಗೈಯಲ್ಲಿ ನೇತುಬೀಳುತ್ತದೆ. ಬಿಟ್ಟರೆ ಅಜ್ಜಿ ಬೀಳುತ್ತಾರೆ, ಹಿಡಿದರೆ ಆಯಾಳ ಸೊಂಟ ಹೋಗುತ್ತದೆ. ಬಿಡುವವರು ಯಾರೂ ಇಲ್ಲ, ಎಲ್ಲರೂ ಹಿಡಿಯುತ್ತಾರೆ. ಹಿರಿಯರ ಕಡೆಯಿಂದ ನೋಡಿದರೂ ಅಷ್ಟೇ ಅಪಾಯ. ಭುಜದ ಕೀಲನ್ನು ಹಿಡಿದಿಟ್ಟಿರುವುದು ಹೆಚ್ಚಾಗಿ ಸ್ನಾಯು. ಲಕ್ವ ಹೊಡೆದ ಕಡೆ ಆ ಸ್ನಾಯುವಿಗೆ ಬಿಗಿ ಇರುವುದಿಲ್ಲ, ಮೇಲಕ್ಕೆ ಎಳೆದರೆ ಕೀಲು ಜಾರುತ್ತದೆ. ಕಂಕುಳಲ್ಲಿ ಹಾದುಹೋಗುವ ನರಗಳೂ ಜಗ್ಗುತ್ತವೆ.

ಸೊಂಟದ ಬೆಲ್ಟ್ ಇದರಲ್ಲಿ ಯಾವುದನ್ನೂ ತಡೆಯುವುದಿಲ್ಲ. ಪೆಟ್ಟಾಗದಿರಲಿ ಅಂತ ಕೆಲಸಗಾರರಿಗೆ ಬೆಲ್ಟ್ ಕೊಡುವುದನ್ನು ತಾನು ಶಿಫಾರಸು ಮಾಡುವುದಿಲ್ಲ ಅಂತ ಅದೇ ನಿಯಾಶ್ 1994ರಲ್ಲೇ ಹೇಳಿದೆ. ಕಟ್ಟಿಕೊಂಡವರಿಗೆ ಧೈರ್ಯ ಹೆಚ್ಚಾಗಿ ಇನ್ನೂ ಭಾರ ಎತ್ತಲು ಹೋಗುತ್ತಾರೆ ಅನ್ನುವುದು ನನ್ನ ದೊಡ್ಡ ತಕರಾರು.

ಬೆಲ್ಟೇ ಬೇಕು ಅಂದರೆ ಅದನ್ನು ಹಿರಿಯರ ಸೊಂಟಕ್ಕೆ ಕಟ್ಟಿ. ಗೇಟ್ ಬೆಲ್ಟ್ (gait belt) ಅಂತ ಸರ್ಜಿಕಲ್ ಅಂಗಡಿಗಳಲ್ಲಿ ಕೇಳಿ, ಹಿಡಿಕೆ ಇರುವುದನ್ನೇ ತನ್ನಿ. ಬಟ್ಟೆಯ ಮೇಲೆ ಕಟ್ಟಬೇಕು, ಒಳಗೆ ಎರಡು ಬೆರಳು ತೂರುವಷ್ಟು ಸಡಿಲ ಇರಬೇಕು. ಹೊಟ್ಟೆಯ ಆಪರೇಷನ್ ಆಗಿ ಹೊಲಿಗೆ ಮಾಗದವರಿಗೆ, ಪಕ್ಕೆಲುಬು ಮುರಿದವರಿಗೆ ಇದು ಕೂಡದು. ಎಬ್ಬಿಸುವ ಕ್ರಮ ಹೀಗೆ: ಮೊದಲು ಹಿರಿಯರನ್ನು ಮಂಚದ ಅಂಚಿಗೆ ಸರಿಸಿ ಕೂರಿಸಿ. ತಲೆಸುತ್ತು ಇದೆಯಾ ಅಂತ ಕೇಳಿ, ಎರಡು ನಿಮಿಷ ಬಿಡಿ. ಪಾದ ಪೂರ್ತಿ ನೆಲಕ್ಕೆ ತಾಗಿರಲಿ, ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಇರಲಿ. ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದಕ್ಕೆ ಬಾಗಿಸಿ. ಅವರು ಮಂಚವನ್ನು ಕೈಯಿಂದ ಒತ್ತಿ ತಾವೇ ಏಳಬೇಕು, ಆಯಾ ಬೆಲ್ಟಿನ ಹಿಡಿಕೆ ಹಿಡಿದು ದಾರಿ ತೋರಿಸಬೇಕು ಅಷ್ಟೇ. ಕಾಲ ಮೇಲೆ ನಿಲ್ಲುವ ಶಕ್ತಿ ಇಲ್ಲದವರಿಗೆ ಈ ವಿಧಾನವೂ ಸಲ್ಲದು. ಅವರಿಗೆ ಜೋಲಿ ಕಟ್ಟಿ ಎತ್ತುವ ಪೇಷೆಂಟ್ ಲಿಫ್ಟೇ ಬೇಕು. 22 ಜನರಿರುವ ಕಡೆ ಒಂದು ಲಿಫ್ಟ್ ಇಲ್ಲದೆ ನಡೆಸುವುದು ಸರಿಯಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ದಾನಿಗಳು ಫ್ಯಾನು, ಕುರ್ಚಿ, ಒಂದು ಹೊತ್ತಿನ ಊಟ ಕೊಡುತ್ತೇವೆ ಅಂತ ಬರುತ್ತಾರಲ್ಲ, ಅವರ ಮುಂದೆ ಇದನ್ನು ಇಡಿ.

ಮಂಚದ ಎತ್ತರವನ್ನು ಇವತ್ತೇ ಅಳೆಯಿರಿ. ಕೂತು ಏಳುವವರಿಗೆ 45ರಿಂದ 50 ಸೆಂಟಿಮೀಟರ್ ಅನುಕೂಲ. ಮಲಗಿಯೇ ಇರುವವರಿಗೆ ಡಯಾಪರ್ ಬದಲಿಸುವಾಗ ಹಾಸಿಗೆ ಆಯಾಳ ಸೊಂಟದ ಮಟ್ಟಕ್ಕೆ ಬರಬೇಕು, ಅದಕ್ಕೆ ಎತ್ತರ ಹೊಂದಿಸುವ ಹ್ಯಾಂಡಲ್ ಮಂಚವೇ ಸರಿ. ಇಟ್ಟಿಗೆ ಕೊಟ್ಟು ಏರಿಸಬೇಡಿ, ಇಟ್ಟಿಗೆ ಒಡೆಯುತ್ತದೆ, ಜಾರುತ್ತದೆ. ಕಾಲು ಕೂರುವಷ್ಟು ಗುಳಿ ತೆಗೆಸಿದ ಮರದ ದಿಮ್ಮಿ ಆಗಬಹುದು, ಆದರೆ ಹಿರಿಯರು ರಾತ್ರಿ ತಾವೇ ಇಳಿಯುವವರಾದರೆ ಅದೂ ಬೇಡ. ಹಾಸಿಗೆಯಲ್ಲಿ ಮೇಲಕ್ಕೆ ಸರಿಸುವಾಗ ಭುಜದಿಂದ ತೊಡೆಯವರೆಗೆ ಮಡಚಿದ ಬೆಡ್‌ಶೀಟ್ ಅಡಿಗೆ ಹಾಕಿ, ಎರಡೂ ಕಡೆ ಅಂಚನ್ನು ಮೈಗೆ ಹತ್ತಿರ ಸುರುಳಿ ಸುತ್ತಿ, ಇಬ್ಬರೂ ಒಂದು ಕಾಲು ಮುಂದಿಟ್ಟು ಮೈಭಾರ ವಾಲಿಸಿ ಜಾರಿಸಬೇಕು. ಒಬ್ಬರೇ ತಲೆಯ ಕಡೆ ನಿಂತು ಎಳೆದರೆ ಅವರ ಸೊಂಟವೂ ಹೋಗುತ್ತದೆ, ಹಿರಿಯರ ಬೆನ್ನಿನ ಚರ್ಮವೂ ಕಿತ್ತು ಹುಣ್ಣಾಗುತ್ತದೆ.

ಇದೆಲ್ಲ ಆಯಾಗಳ ನೆನಪಿನಲ್ಲಿ ಉಳಿಯಲಿ ಅಂತ ಬಿಡಬೇಡಿ. ಪ್ರತಿ ಮಂಚದ ತಲೆಗೆ ಕನ್ನಡದಲ್ಲಿ ಒಂದು ಕಾರ್ಡು ಕಟ್ಟಿ: ತೂಕ ಎಷ್ಟು, ನಿಲ್ಲುತ್ತಾರಾ, ಯಾವ ಕಡೆ ಶಕ್ತಿ ಇಲ್ಲ, ಎಷ್ಟು ಜನ ಬೇಕು, ಬೆಲ್ಟಾ ಲಿಫ್ಟಾ. ಓದಲು ಬಾರದವರಿಗೆ ಒಂದು ತಲೆ, ಎರಡು ತಲೆ ಚಿತ್ರ ಬರೆಸಿ. ‘ಇಬ್ಬರು’ ಅಂತ ಕಾರ್ಡಿನಲ್ಲಿದ್ದು ರಾತ್ರಿ ಪಾಳಿಗೆ ಒಬ್ಬರನ್ನೇ ಹಾಕಿದ್ದರೆ ತಪ್ಪು ಆಯಾಳದ್ದಲ್ಲ, ಪಾಳಿ ಪಟ್ಟಿ ಬರೆದವರದ್ದು.

ಬಿದ್ದವರನ್ನು ತಕ್ಷಣ ಎತ್ತುವುದು ಇನ್ನೊಂದು ಕೆಟ್ಟ ಅಭ್ಯಾಸ. ತಲೆಗೆ ಪೆಟ್ಟಾಗಿದ್ದರೆ, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ, ತೊಡೆಸಂದಿಯಲ್ಲಿ ನೋವು ಅಂದರೆ ಅಲ್ಲೇ ಹೊದಿಸಿ 108ಕ್ಕೆ ಫೋನ್ ಮಾಡಿ.

ಬಚ್ಚಲಿಗೆ ಬರೋಣ. ನಮ್ಮ ಕಡೆ ಹಬ್ಬಕ್ಕೆ ಎಣ್ಣೆಸ್ನಾನ ತಪ್ಪದು, ಹಿರಿಯರಿಗೂ ಅದು ಬೇಕು, ನಿಲ್ಲಿಸಬೇಡಿ. ಆದರೆ ಹರಳೆಣ್ಣೆ ಬಿದ್ದ ರೆಡ್ ಆಕ್ಸೈಡ್ ನೆಲದ ಮೇಲೆ ಹಿರಿಯರು, ಆಯಾ ಇಬ್ಬರೂ ಜಾರುತ್ತಾರೆ. ಎಣ್ಣೆ ಹಚ್ಚುವುದು ಬಚ್ಚಲಿನ ಹೊರಗೆ, ಹಳೆಯ ಟವೆಲ್ ಹಾಸಿದ ಕುರ್ಚಿಯಲ್ಲಿ. ಪ್ರತಿಯೊಬ್ಬರ ಸ್ನಾನವಾದ ಮೇಲೆ ಬಿಸಿನೀರು, ಸೋಪಿನ ಪುಡಿ ಹಾಕಿ ತಿಕ್ಕಿ, ವೈಪರ್‌ನಲ್ಲಿ ನೀರು ಎಳೆದ ಮೇಲೆಯೇ ಮುಂದಿನವರು. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. 60 ಡಿಗ್ರಿ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ, ಮಾಳಿಗೆಯ ಸೋಲಾರ್ ನೀರು ಬೇಸಿಗೆಯಲ್ಲಿ ಅಷ್ಟಕ್ಕೆ ಮುಟ್ಟುವುದು ಆಶ್ಚರ್ಯವಲ್ಲ. ದಿನವೂ ಬಿಸಿನೀರಿನಲ್ಲಿ ಆಡುವ ಆಯಾಳ ಕೈ ಅಳತೆಯಲ್ಲ. ಥರ್ಮಾಮೀಟರ್ ಇಡಿ, 40 ಡಿಗ್ರಿಯ ಆಸುಪಾಸಿನಲ್ಲಿ ಇರಲಿ, 44 ದಾಟಬಾರದು. ಕಕ್ಕಸು ತೊಳೆಯುವ ಆ್ಯಸಿಡ್ಡನ್ನೂ ಬ್ಲೀಚಿಂಗ್ ಪುಡಿಯನ್ನೂ ಒಂದೇ ಕಡೆ ಸುರಿದರೆ ಕ್ಲೋರಿನ್ ಅನಿಲ ಬರುತ್ತದೆ. ಎರಡನ್ನೂ ಬೇರೆ ಬೇರೆ ಕಪಾಟಿನಲ್ಲಿಡಿ.

ಇನ್ಸುಲಿನ್ ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು. ಸೂಜಿ ತೂರದ ಬಿಳಿ ಡಬ್ಬ ಮಂಚದ ಪಕ್ಕಕ್ಕೇ ಬರಬೇಕು. ಚುಚ್ಚಿದರೆ ಹಿಂಡಬಾರದು, ಸೋಪು ನೀರಿನಲ್ಲಿ ತೊಳೆದು ಕೂಡಲೇ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಎಚ್‌ಐವಿ ತಡೆಯುವ ಮಾತ್ರೆ ಎರಡು ಗಂಟೆಯೊಳಗೆ ಸಿಕ್ಕರೆ ಒಳ್ಳೆಯದು, 72 ಗಂಟೆ ಕಳೆದರೆ ಪ್ರಯೋಜನವಿಲ್ಲ. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್ (ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ) ಎಲ್ಲ ಆಯಾಗಳಿಗೂ ಆಶ್ರಮದ ಖರ್ಚಿನಲ್ಲೇ ಆಗಬೇಕು.

ಈಗ ಆ ಕಾಗದ. ಕೆಲಸದಲ್ಲಿ ಪೆಟ್ಟಾದರೆ ಸಿಗಬೇಕಾದ ಪರಿಹಾರವನ್ನು ಬಿಟ್ಟುಕೊಡುತ್ತೇನೆ ಅಂತ ನೌಕರರು ಬರೆದುಕೊಟ್ಟರೂ ಅದು ಆ ಮಟ್ಟಿಗೆ ಅಸಿಂಧು ಅಂತ 1923ರ ಪರಿಹಾರ ಕಾಯ್ದೆಯ 17ನೇ ಕಲಮು ಹೇಳಿತ್ತು. ಆ ಕಾಯ್ದೆಯ ವಿಷಯ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ತಮ್ಮ ಜಾಗ್ರತೆ ತಾವು ನೋಡಿಕೊಳ್ಳುವ ಕರ್ತವ್ಯ ನೌಕರರಿಗೂ ಇದೆ ನಿಜ, ಆದರೆ ಅದರಿಂದ ನಡೆಸುವವರ ಕರ್ತವ್ಯ ಕಳಚುವುದಿಲ್ಲ. ಸೇವಾಸಂಸ್ಥೆ, ಟ್ರಸ್ಟು, ಲಾಭಕ್ಕಲ್ಲ ಅನ್ನುವ ಮಾತಿಗೆ ಆಯಾಳ ಬೆನ್ನುಮೂಳೆಯ ಮುಂದೆ ಬೆಲೆಯಿಲ್ಲ. ನೀವು ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಗೆ ಬರುತ್ತೀರಾ ಅಂತ ಲಿಖಿತವಾಗಿ ಕೇಳಿಕೊಳ್ಳಿ. ಬಂದರೆ ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಗೆ ನಿಮ್ಮ ಪಾಲು ಶೇ 3.25, ಅವರ ಪಾಲು ಶೇ 0.75. ಬರೆಸಿಕೊಳ್ಳಲೇಬೇಕು ಅಂದರೆ ನೇಮಕದ ಪತ್ರ, ತರಬೇತಿ ಕೊಟ್ಟ ದಿನಾಂಕ, ಅಪಘಾತದ ಪುಸ್ತಕ ಬರೆಸಿ. ಅಪಘಾತದ ಪುಸ್ತಕದಲ್ಲಿ ಯಾವ ಹೊತ್ತು, ಯಾರನ್ನು ಎಲ್ಲಿಂದ ಎಲ್ಲಿಗೆ ಸಾಗಿಸುವಾಗ, ಎಷ್ಟು ಜನ ಇದ್ದರು ಅನ್ನುವುದು ಬರಲಿ. ‘ಅಜಾಗರೂಕತೆಯಿಂದ’ ಅಂತ ಬರೆದು ಮುಗಿಸಿದರೆ ಮುಂದಿನ ಪೆಟ್ಟು ಅದೇ ಮಂಚದ ಪಕ್ಕದಲ್ಲಿ ಆಗುತ್ತದೆ.

ಸೊಂಟ ಹಿಡಿದು ಮಲಗಿರುವ ಆಯಮ್ಮನ ವಿಚಾರ ನಾಳೆಗೆ ಇಡಬೇಡಿ. ನೋವು ಕಾಲಿಗೆ ಇಳಿಯುತ್ತಿದೆಯಾ, ಪಾದದಲ್ಲಿ ಶಕ್ತಿ ಕಮ್ಮಿ ಆಗಿದೆಯಾ, ತೊಡೆಸಂದಿಯ ಸುತ್ತ ಜೋಮು ಇದೆಯಾ, ಮೂತ್ರ ಕಟ್ಟಿದೆಯಾ ಅಂತ ಕೇಳಿ. ಇದರಲ್ಲಿ ಕೊನೆಯ ಎರಡರಲ್ಲಿ ಒಂದಕ್ಕಾದರೂ ಹೌದು ಅಂದರೆ ಈಗಲೇ ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಅದು ತುರ್ತು ಚಿಕಿತ್ಸೆಯ ಮಾತು. ಅಂಥದ್ದೇನೂ ಇಲ್ಲದಿದ್ದರೆ ವಾರಗಟ್ಟಲೆ ಮಲಗಿಸುವುದೂ ತಪ್ಪು, ವೈದ್ಯರು ಒಪ್ಪಿದಷ್ಟು ನಡೆದಾಡಲಿ. ರಜೆಯ ಸಂಬಳ ಕೊಡಿ. ವಾಪಸ್ ಬಂದಾಗ ಔಷಧಿ ಕೊಡುವುದು, ಊಟ ಮಾಡಿಸುವುದು, ಕಾರ್ಡು ಬರೆಸುವುದಕ್ಕೆ ಹಾಕಿ. ಎತ್ತುವ ಕೆಲಸ, ಒಂಟಿ ರಾತ್ರಿಪಾಳಿ ಎರಡೂ ವೈದ್ಯರು ಹೇಳುವವರೆಗೆ ಬೇಡ.